ಅಜ್ಜಿಯ ಬೆಳ್ಳಿ ಕರಗಿಸುವ ಮೊದಲು

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಬೆಳ್ಳಿ ಕೆಲಸದ ಅಂಗಡಿ. ಮನೆಯವರು ಒಳಗೆ ಒಡವೆ ಮಾಡುತ್ತಾರೆ, ನಾನು ಹೊರಗೆ ಆರ್ಡರ್ ಬರೆದುಕೊಳ್ಳುತ್ತೇನೆ. ಹಳೇ ಡಬ್ಬಿ ಹಿಡಿದು ಬಂದವರು ಮೊದಲು ಕೇಳುವುದು, "ಅಕ್ಕಾ, ಕರಗಿಸಿದ್ರೆ ಎಷ್ಟು ಬರುತ್ತೆ?" ಅಂತ. ಕರಗಿಸಿದರೆ ಬೆಳ್ಳಿ ಬರುತ್ತೆ, ಕೆಲಸ ಹೋಗುತ್ತೆ. ಹಳೆಯದು ಹಾಗೇ ಇರಲಿ, ಅದನ್ನು ನೋಡಿಕೊಂಡು ದಿನಾ ಹಾಕುವಂಥದ್ದು ಹೊಸದು ಮಾಡಿಸಿ ಅನ್ನುತ್ತೇನೆ. ಅದಕ್ಕೆ ಏನೇನು ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು, ಅದು ಬೆಳ್ಳಿಯೇನಾ ಅಂತ ತಿಳಿದುಕೊಳ್ಳಿ. ಆಯಸ್ಕಾಂತ ಹಿಡಿದು ನೋಡಿ, ಬೆಳ್ಳಿಗೆ ಅಂಟಲ್ಲ. ಆದರೆ ಜರ್ಮನ್ ಸಿಲ್ವರ್‌ಗೂ ಸಾಮಾನ್ಯವಾಗಿ ಅಂಟಲ್ಲ. ಅದು ತಾಮ್ರ, ನಿಕಲ್, ಸತು ಸೇರಿಸಿದ್ದು, ಹೆಸರಲ್ಲಿ ಬಿಟ್ಟರೆ ಬೆಳ್ಳಿ ಎಲ್ಲೂ ಇಲ್ಲ. ಹಾಗಾಗಿ ನೀರಿನ ಪರೀಕ್ಷೆ ಮಾಡಿ. ಗ್ರಾಮಿನ ಪಾಯಿಂಟ್ ತೋರಿಸುವ ಪುಟ್ಟ ತಕ್ಕಡಿ ಬೇಕು. ಕಡಗವನ್ನು ತೂಗಿ ಬರೆದುಕೊಳ್ಳಿ. ಆಮೇಲೆ ಅಗಲ ಬಾಯಿಯ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಡಗಕ್ಕೆ ದಾರ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕೂ ಅಂಚಿಗೂ ತಾಗಬಾರದು. ಈಗ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 52 ಗ್ರಾಮಿನ ಬೆಳ್ಳಿ ಕಡಗಕ್ಕೆ ಸುಮಾರು 5 ತೋರಿಸುತ್ತೆ, ಭಾಗಿಸಿದರೆ ಹತ್ತರ ಮೇಲೆ ಬರುತ್ತೆ. ಜರ್ಮನ್ ಸಿಲ್ವರ್ ಆದರೆ 6ರ ಹತ್ತಿರ ತೋರಿಸುತ್ತೆ. ಇದು ಬೆಳ್ಳಿ ಎಷ್ಟು ಚೊಕ್ಕ ಅಂತ ಹೇಳಲ್ಲ, ಸುಮ್ನೆ ಪಾಲಿಷ್ ನೋಡಿ ಮೋಸ ಹೋಗದ ಹಾಗೆ ಕಾಯುತ್ತೆ ಅಷ್ಟೇ. ಒಳಗೆ ಟೊಳ್ಳಿದ್ದರೆ ಅಥವಾ ಅರಗು ತುಂಬಿದ್ದರೆ ಲೆಕ್ಕ ತಪ್ಪುತ್ತೆ. ಅಂಥದ್ದನ್ನು ಬೆರಳಲ್ಲಿ ತಟ್ಟಿದರೆ ಶಬ್ದ ಮಂಕಾಗಿರುತ್ತೆ. ಅರಗು ತುಂಬಿದ ಒಡವೆಯನ್ನು ರಿಪೇರಿಗೆ ಕೊಡುವಾಗ ಮೊದಲೇ ಹೇಳಿಬಿಡಿ, ಬಿಸಿ ತಾಗಿದರೆ ಅರಗು ಹೊರಗೆ ಬರುತ್ತೆ.

ನಾಣ್ಯದ ಸರ ಬೇಕು ಅಂತ ಈಗ ಜಾಸ್ತಿ ಜನ ಬರುತ್ತಾರೆ. ಕಡೂರು, ತರೀಕೆರೆ ಕಡೆ ತಾಂಡಾಗಳ ಲಂಬಾಣಿ ಹೆಂಗಸರ ಮೈಮೇಲೆ ನೋಡಿ ಆಸೆಪಟ್ಟವರು. ಆಸೆ ಪಡಲಿ. ಆದರೆ ನಾಣ್ಯದ ಇಸವಿ ನೋಡದೆ ದುಡ್ಡು ಕೊಡಬೇಡಿ. ವಿಕ್ಟೋರಿಯಾ ರಾಣಿ ಕಾಲದಿಂದ 1939ರವರೆಗಿನ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. 1940ರಿಂದ ಬಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ಪೂರಾ ನಿಕಲ್, ಅದಕ್ಕೆ ಆಯಸ್ಕಾಂತ ಗಪ್ಪನೆ ಅಂಟುತ್ತೆ. ಒಂದೇ ಸರದಲ್ಲಿ ಮೂರೂ ಸೇರಿಸಿ ಎಲ್ಲಕ್ಕೂ ಒಂದೇ ರೇಟು ಹಾಕುವವರಿದ್ದಾರೆ. ಇನ್ನೊಂದು ಮಾತು: ನಾಣ್ಯಕ್ಕೆ ನೇರವಾಗಿ ಕೊಂಡಿ ಬೆಸೆಯಲು ಬಿಡಬೇಡಿ. ಸುತ್ತ ಬೆಳ್ಳಿ ಪಟ್ಟಿಯ ಕಟ್ಟು ಹಾಕಿಸಿ, ಕೊಂಡಿ ಆ ಕಟ್ಟಿಗೆ ಇರಲಿ. ನಾಳೆ ಬೇಡ ಅನ್ನಿಸಿದರೆ ನಾಣ್ಯ ಗಾಯವಿಲ್ಲದೆ ಹೊರಗೆ ಬರುತ್ತೆ.

ಲಂಬಾಣಿಯವರು ಕೂದಲಿಗೆ ಕಟ್ಟುವ ಘುಗ್ರಿ, ಟೋಪ್ಲಿ ಮದುವೆಯಾದ ಹೆಂಗಸರ ಗುರುತು. ಫೋಟೋಗೆ ಚೆಂದ ಅಂತ ಅದನ್ನು ಮಾಡಿಸುವುದು ನನಗೆ ಸರಿ ಕಾಣಲ್ಲ. ಲಿಂಗದ ಕರಡಿಗೆಯನ್ನು ಪೆಂಡೆಂಟ್ ಮಾಡಿಸುವುದೂ ಅಷ್ಟೇ. ಕಡಗ, ಕಾಲುಂಗುರ, ಡಾಬು, ಗುಂಡಿನ ಸರ ಇಷ್ಟೆಲ್ಲಾ ಇದೆಯಲ್ಲ, ಸಾಲದಾ?

ಡಿಸೈನ್ ಒಯ್ಯಲು ಹಳೆಯ ಒಡವೆಯನ್ನೇ ಬಿಟ್ಟು ಬರಬೇಕಿಲ್ಲ. ತೆಳು ಕಾಗದ ಅದರ ಮೇಲಿಟ್ಟು ಪೆನ್ಸಿಲ್ ಅಡ್ಡಲಾಗಿ ಮೆಲ್ಲಗೆ ಉಜ್ಜಿ, ಚುಕ್ಕಿ ಗೆರೆ ಎಲ್ಲಾ ಮೂಡುತ್ತೆ. ಅಳತೆ ಸಮೇತ ಸಿಗುವುದರಿಂದ ಮನೆಯವರಿಗೆ ಫೋಟೋಗಿಂತ ಇದೇ ಇಷ್ಟ. ಕೈಯಲ್ಲಿ ಹೊಡೆದ ಚುಕ್ಕಿಗಳಾದರೆ ಒಂದು ಆಳ, ಒಂದು ಮೇಲು ಇರುತ್ತೆ, ಸಾಲು ಎಲ್ಲೋ ಒಂದು ಕಡೆ ಸೊಟ್ಟಗಿರುತ್ತೆ. ಎಲ್ಲವೂ ಒಂದೇ ಸಮ ಇದ್ದರೆ ಅಚ್ಚಿನದ್ದೋ ಮಿಷಿನ್‌ದ್ದೋ ಇರಬಹುದು. ತಿರುಗಿಸಿ ಹಿಂಬದಿಯನ್ನೂ ನೋಡಿ. ಅರ ಹಾಕಿದ ಗೀರು, ಸುತ್ತಿಗೆ ಗುರುತು ಅಲ್ಲೇ ಸಿಗುವುದು.

ಬೇಲೂರಿನ ಶಿಲಾಬಾಲಿಕೆಯ ಫೋಟೋ ತರುವವರೂ ಇದ್ದಾರೆ. ಬಳಪದ ಕಲ್ಲು ಮೆತ್ತಗೆ, ಶಿಲ್ಪಿಗಳು ಅದರಲ್ಲಿ ಪದರದ ಕೆಳಗೆ ಪದರ ಕೊರೆದಿದ್ದಾರೆ. ಬೆಳ್ಳಿಯಲ್ಲಿ ಹಾಗೇ ಮಾಡಿಸಿದರೆ ಸೀರೆ ಸೆರಗಿನ ಎಳೆ ಸಿಕ್ಕಿ ಕೀಳುತ್ತೆ. ಒಂದು ಹೂವೋ ಒಂದು ಮಣಿಯ ಸಾಲೋ ಆರಿಸಿಕೊಳ್ಳಿ, ಸಾಕು.

ಕಡಗಕ್ಕೆ ಅಳತೆ ತೆಗೆಯುವುದು ಮಣಿಕಟ್ಟಿನಲ್ಲಲ್ಲ. ಹೆಬ್ಬೆರಳನ್ನು ಅಂಗೈ ಒಳಗೆ ಮಡಚಿ, ಗೆಣ್ಣಿನ ಹತ್ತಿರ ಎಲ್ಲಕ್ಕಿಂತ ಅಗಲ ಇರುವ ಕಡೆ ದಾರ ಸುತ್ತಿ. ಮಗುವಿನ ಉಡಿದಾರವಾದರೆ ಮುಂದಕ್ಕೆ ನಾಲ್ಕಾರು ಕೊಂಡಿ ಜಾಸ್ತಿ ಹಾಕಿಸಿ, ತಿರುಪು ಗಟ್ಟಿಯಿದೆಯಾ ನೋಡಿ. ಕಾಲುಂಗುರ ಬಾಯಿ ಬಿಟ್ಟದ್ದೇ ಒಳ್ಳೆಯದು.

ಎಷ್ಟು ಚೊಕ್ಕದ ಬೆಳ್ಳಿ ಬೇಕು ಅಂತ ನೀವೇ ಹೇಳಬೇಕು. 990, ಅಂದರೆ ಸಾವಿರಕ್ಕೆ 990 ಪಾಲು ಬೆಳ್ಳಿ ಇರುವುದು, ಮೆತ್ತಗೆ; ಕೈಗೆ ಹಾಕುವ ಒಡವೆ ಬಾಗುತ್ತೆ. 925ರಲ್ಲಿ ಉಳಿದದ್ದು ಹೆಚ್ಚಾಗಿ ತಾಮ್ರ, ಗಟ್ಟಿ ನಿಲ್ಲುತ್ತೆ. ಚಿನ್ನದ ಹಾಗೆ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಾಗಿಲ್ಲ. ಆದರೆ 2025ರ ಸೆಪ್ಟೆಂಬರ್‌ನಿಂದ ಹಾಲ್‌ಮಾರ್ಕ್ ಹಾಕಿಸಿದ ಬೆಳ್ಳಿಗೂ ಒಡವೆಯ ಗುರುತಿಗೆ ಅಂಕಿ ಅಕ್ಷರ ಸೇರಿ ಆರು ಇರುವ ಕೋಡ್, ಅಂದರೆ ಎಚ್‌ಯುಐಡಿ ಬರುತ್ತೆ, ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಚೀಟಿಯಲ್ಲಿ ತೂಕ, ಚೊಕ್ಕ, ಆ ದಿನದ ರೇಟು, ಮಜೂರಿ, ವೇಸ್ಟೇಜು ಬೇರೆಬೇರೆ ಬರೆಸಿ. "ಎಲ್ಲಾ ಸೇರಿ ಇಷ್ಟು" ಅಂದರೆ ಒಪ್ಪಬೇಡಿ, ನಮ್ಮ ಅಂಗಡಿಯಲ್ಲಾದರೂ ಸರಿ. ಕೈಕೆಲಸಕ್ಕೆ ಮಜೂರಿ ಜಾಸ್ತಿಯೇ, ಅದನ್ನು ಚೌಕಾಸಿ ಮಾಡಿದರೆ ಚುಕ್ಕಿಗಳ ಸಾಲು ಕಮ್ಮಿಯಾಗುತ್ತೆ.

ನಮ್ಮ ಮಳೆಗಾಲಕ್ಕೆ ಬೆಳ್ಳಿ ಕಪ್ಪಾಗುವುದು ಬೇಗ. ಅಂಟುವಾಳದ ನೀರಲ್ಲಿ ಮೆತ್ತನೆ ಬ್ರಷ್‌ನಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ ಜಿಪ್ ಕವರಿಗೆ ಹಾಕಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲಿನ ಗಂಧಕಕ್ಕೆ ಇನ್ನೂ ಕಪ್ಪಾಗುತ್ತೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಸಾದಾ ಸರಕ್ಕೆ ಪರವಾಗಿಲ್ಲ. ಕೆತ್ತನೆ ಇದ್ದದ್ದಕ್ಕೆ ಬೇಡ, ಗೆರೆಗಳ ಒಳಗೆ ಬೇಕಂತಲೇ ಬಿಟ್ಟ ಕಪ್ಪೂ ಹೋಗಿ ಡಿಸೈನ್ ಬೋಳಾಗುತ್ತೆ. ನಾಣ್ಯದ ಸರಕ್ಕೆ ಬ್ರಷ್ ಕೂಡ ಮುಟ್ಟಿಸಬೇಡಿ, ಇಸವಿ ಸವೆದರೆ ಆಮೇಲೆ ಯಾವ ಕಾಲದ್ದು ಅಂತ ಹೇಳೋದು ಕಷ್ಟ.