ಗಸಗಸೆ ಮನೆಯಲ್ಲೇ ಇರಲಿ: ಅರಬ್ ನಾಡಿಗೆ ಮೊದಲ ಸಲ ಹೊರಟವರಿಗೆ

ಚಿಂತಾಮಣಿ, ಕೋಲಾರ, ಶಿರಾ ಕಡೆಯ ಅನೇಕ ಮನೆಗಳಲ್ಲಿ ಈಗ ಮಗನೋ ಮಗಳೋ ದುಬೈ, ಶಾರ್ಜಾ, ಮಸ್ಕತ್‌ಗಳಲ್ಲಿ ಕೆಲಸದಲ್ಲಿರುವುದರಿಂದ, ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಹಿರಿಯರು ಮೊದಲ ಬಾರಿಗೆ ವಿಮಾನ ಹತ್ತುವುದು ಸಾಮಾನ್ಯವಾಗಿದೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ನಡವಳಿಕೆಯವು: ಸೀರೆ ಉಡಬಹುದೇ, ಕುಂಕುಮ ಇಡಬಹುದೇ, ಮಸೀದಿಯೊಳಗೆ ಹೋಗಬಹುದೇ? ಶಾರ್ಜಾದಲ್ಲಿರುವ ಮಗಳ ಮನೆಗೆ ಎರಡು ಸಲ ಹೋಗಿ ಬಂದಿರುವ ನನಗೆ ಕಂಡಂತೆ, ನಡವಳಿಕೆಯಲ್ಲಿ ನಮ್ಮವರು ಎಡವುವುದು ಕಡಿಮೆ. ತೊಂದರೆ ಬರುವುದು ಚೀಲದಿಂದ ಮತ್ತು ಮೊಬೈಲಿನಿಂದ. ಆದ್ದರಿಂದ ಚೀಲದಿಂದಲೇ ಆರಂಭಿಸುತ್ತೇನೆ.

ಮೊದಲ ಪ್ರಯಾಣದ ಹಿಂದಿನ ದಿನ ನನ್ನ ಹೆಂಡತಿ ಹುರಿಹಿಟ್ಟು, ನಿಪ್ಪಟ್ಟು, ಚಟ್ನಿಪುಡಿಗಳ ಜೊತೆಗೆ, ಮೊಮ್ಮಗನ ಹುಟ್ಟುಹಬ್ಬಕ್ಕೆ ಪಾಯಸ ಮಾಡಲೆಂದು ಕಾಲು ಕೆಜಿ ಗಸಗಸೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸೂಟ್‌ಕೇಸಿನ ಮೂಲೆಗೆ ಸೇರಿಸಿದ್ದಳು. ಹನ್ನೆರಡು ವರ್ಷ ಅಬುಧಾಬಿಯಲ್ಲಿ ಹೊಲಿಗೆ ಕೆಲಸ ಮಾಡಿ ಬಂದಿದ್ದ ಎದುರು ಮನೆಯ ಸಾಹೇಬರು ಸಂಜೆ ಮಾತನಾಡಿಸಲು ಬಂದವರು, "ಮೇಷ್ಟ್ರೇ, ಸೂಟ್‌ಕೇಸು ಒಂದು ಸಲ ತೆಗೀರಿ" ಎಂದರು. ಗಂಟನ್ನು ಬಿಚ್ಚಿ, ಬೆರಳಿಗೆ ಅಂಟಿದ ಕಾಳು ನೋಡಿ, "ಅಕ್ಕಾ, ಇದು ಇಲ್ಲೇ ಇರಲಿ, ಅಲ್ಲಿ ಇದಕ್ಕೆ ಜೈಲಿದೆ" ಎಂದರು. ಅಷ್ಟಕ್ಕೇ ಬಿಡದೆ ಸೂಟ್‌ಕೇಸನ್ನು ಜಗಲಿಯ ಮೇಲೆ ಬೋರಲು ಹಾಕಿ ತಟ್ಟಿ, ಒಳಮೈಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿಯೇ ಮತ್ತೆ ತುಂಬಲು ಬಿಟ್ಟರು. ಅಂದು ಅದು ಅತಿಯೆನಿಸಿತ್ತು, ಈಗ ಹಾಗೆನಿಸುವುದಿಲ್ಲ.

ಗಸಗಸೆ ಅಫೀಮು ಗಿಡದ ಬೀಜವಾದ್ದರಿಂದ ದುಬೈ, ಶಾರ್ಜಾ, ಅಬುಧಾಬಿಗಳಿರುವ ಸಂಯುಕ್ತ ಅರಬ್ ಸಂಸ್ಥಾನ, ಅಂದರೆ ಯುಎಇಯಲ್ಲಿಯೂ ಸೌದಿ ಅರೇಬಿಯಾದಲ್ಲಿಯೂ ಅದು ನಿಷಿದ್ಧ ವಸ್ತು. ಅಡುಗೆಗೆ ತಂದೆವೆಂಬ ವಿವರಣೆ ಅಲ್ಲಿ ನಡೆಯುವುದಿಲ್ಲ. ಗಂಟನ್ನಷ್ಟೇ ತೆಗೆದಿಟ್ಟರೂ ಸಾಲದು, ಏಕೆಂದರೆ ಮನೆಯಲ್ಲಿ ಮಾಡಿದ ಬಿಸಿಬೇಳೆಬಾತ್ ಪುಡಿಗೂ ಸಾಗು, ಕುರ್ಮಾ ಮಸಾಲೆಗಳಿಗೂ ನಾವು ಗಸಗಸೆ ಹಾಕಿರುತ್ತೇವೆ. ಯಾವ ಪುಡಿಯಲ್ಲಿ ಏನಿದೆ ಎಂದು ಅದನ್ನು ಮಾಡಿದವರನ್ನೇ ಕೇಳಿ, ಸಂಶಯವಿದ್ದರೆ ಬಿಟ್ಟುಹೋಗಬೇಕು. ವೀಳ್ಯದೆಲೆಯೂ ದುಬೈ ಕಸ್ಟಮ್ಸ್‌ನ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ. ಊಟದ ನಂತರ ಎಲೆಅಡಿಕೆ ಇಲ್ಲದೆ ಇರಲಾರದ ಅಜ್ಜಿಯಂದಿರಿಗೆ ಇದನ್ನು ವಾರಕ್ಕೆ ಮುಂಚೆಯೇ ತಿಳಿಸಿ ಅಭ್ಯಾಸ ಮಾಡಿಸುವುದು ಒಳ್ಳೆಯದು.

ಔಷಧಿಯ ಚೀಲವನ್ನು ಇನ್ನೂ ಎಚ್ಚರದಿಂದ ನೋಡಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಗಿದ್ದರೆ ಸಾಮಾನ್ಯವಾಗಿ ತೊಡಕಿಲ್ಲ. ಆದರೆ ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿಗೆ ಕೊಡುವ ಟ್ರಮಡಾಲ್, ನಿದ್ರೆಗೆಂದು ನಮ್ಮ ಹಿರಿಯರು ವರ್ಷಗಟ್ಟಲೆ ನುಂಗುವ ಆಲ್ಪ್ರಝೋಲಮ್, ಕ್ಲೊನಝೆಪಮ್‌ಗಳು ಅಲ್ಲಿ ನಿಯಂತ್ರಿತ ಔಷಧಿಗಳು. ಇವನ್ನು ಒಯ್ಯಲೇಬೇಕಾದರೆ ಹೊರಡುವ ಮುನ್ನವೇ ಯುಎಇ ಸರ್ಕಾರದ ಸಂಬಂಧಪಟ್ಟ ಇಲಾಖೆಯ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು. ಎಲ್ಲ ಮಾತ್ರೆಗಳನ್ನೂ ಒಂದೇ ಡಬ್ಬಿಗೆ ಸುರಿಯದೆ ಮೂಲ ಸ್ಟ್ರಿಪ್‌ನಲ್ಲಿಯೇ ಇರಿಸಿಕೊಂಡು, ವೈದ್ಯರಿಂದ ಔಷಧಿಯ ಮೂಲ ಹೆಸರನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.

ಇನ್ನು ಮೊಬೈಲು. ಊರಿನಲ್ಲಿ ಎದುರಿಗೆ ಕಂಡವರ ಚಿತ್ರ ತೆಗೆಯುವುದು ನಮಗೆ ತಪ್ಪೆನಿಸುವುದಿಲ್ಲ. ಯುಎಇಯಲ್ಲಿ ಅನುಮತಿಯಿಲ್ಲದೆ ಮತ್ತೊಬ್ಬರ ಚಿತ್ರ ತೆಗೆಯುವುದು ಅಪರಾಧ. ಅದರಲ್ಲೂ ಬುರ್ಖಾ ತೊಟ್ಟ ಹೆಂಗಸರು, ಪೊಲೀಸರು, ಸರ್ಕಾರಿ ಮತ್ತು ಸೇನಾ ಕಟ್ಟಡಗಳ ಕಡೆಗೆ ಕ್ಯಾಮೆರಾ ತಿರುಗಿಸಲೇಬಾರದು. ಧರ್ಮವನ್ನೋ ಅಲ್ಲಿನ ಅರಸರನ್ನೋ ಹೀಗಳೆಯುವ ವಾಟ್ಸ್‌ಆ್ಯಪ್ ಸಂದೇಶವನ್ನು ಮುಂದಕ್ಕೆ ಕಳಿಸಿದವರೂ ಅಲ್ಲಿನ ಸೈಬರ್ ಕಾನೂನಿಗೆ ಸಿಕ್ಕಿಕೊಳ್ಳುತ್ತಾರೆ. ಬೈಗುಳದ ಸಂದೇಶಕ್ಕೂ ಮೊಕದ್ದಮೆ ಇದೆ. ಊರಿನ ಗುಂಪುಗಳಲ್ಲಿ ದಿನವೂ ಏನೇನು ಹರಿದಾಡುತ್ತದೆ ಎಂಬುದು ನಮಗೆ ಗೊತ್ತೇ ಇದೆ. ಹೊರಡುವ ಹಿಂದಿನ ರಾತ್ರಿ ಅಂಥ ಗುಂಪುಗಳಿಂದ ಹೊರಬಂದು ಹಳೆಯದನ್ನು ಅಳಿಸಿಬಿಡುವುದು ಕ್ಷೇಮ. ಚಂದಾ ಎತ್ತುವ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಅಲ್ಲಿನ ಕನ್ನಡಿಗರಿಂದ ಹಣ ಸಂಗ್ರಹಿಸುವುದು ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ, ಪರವಾನಗಿಯಿಲ್ಲದ ನಿಧಿ ಸಂಗ್ರಹ ಅಲ್ಲಿ ಕಾನೂನುಬಾಹಿರ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ, ಸಂದೇಶ ಮಾತ್ರ ಹೋಗುತ್ತದೆ. ಇದು ತಿಳಿಯದೆ ಮೊದಲ ರಾತ್ರಿ ನಮ್ಮ ಮನೆಯವರೆಲ್ಲ ಗಾಬರಿಯಾಗಿ ಕುಳಿತಿದ್ದರು.

ನಡವಳಿಕೆಯ ವಿಷಯಕ್ಕೆ ಬಂದರೆ, ಮುರುಗಮಲ್ಲದ ದರ್ಗಾದ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ತಲೆಯ ಮೇಲೆ ಸೆರಗು ಹೊದ್ದು ನಿಂತವರಿಗೆ ಅರ್ಧ ಪಾಠ ಆಗಿಯೇ ಇರುತ್ತದೆ. ಎಡಗೈಯಲ್ಲಿ ಏನನ್ನೂ ಕೊಡಬಾರದು, ಹಿರಿಯರೆದುರು ಕಾಲು ಚಾಚಬಾರದು ಎಂದು ನಮ್ಮ ತಾಯಂದಿರು ಹೇಳಿದ್ದೆಲ್ಲ ಅಲ್ಲಿಯೂ ಸಲ್ಲುತ್ತದೆ. ಸೀರೆಗೂ ಕುಂಕುಮಕ್ಕೂ ದುಬೈ, ಶಾರ್ಜಾಗಳಲ್ಲಿ ಯಾರ ಆಕ್ಷೇಪವೂ ಇಲ್ಲ. ಆದರೆ ಮಸೀದಿಗೆ ಹೋಗುವ ದಿನ ಸೊಂಟ ಕಾಣುವ ಸೀರೆಗಿಂತ ತುಂಬು ತೋಳಿನ ಚೂಡಿದಾರ, ದುಪಟ್ಟಾ ಅನುಕೂಲ. ಗಂಡಸರಿಗೆ ಬರ್ಮುಡಾ ಸಲ್ಲದು. ಗಂಡಸರು ತಲೆಗೆ ಕರವಸ್ತ್ರ ಕಟ್ಟಲೇಬೇಕೆಂಬ ನಿಯಮ ಇಲ್ಲ. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೆ ಪ್ರವೇಶ ಉಚಿತವಾದರೂ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ಓಮನ್ ದೇಶದ ಮಸ್ಕತ್‌ನಲ್ಲಿರುವ ಸುಲ್ತಾನ್ ಕಾಬೂಸ್ ಮಸೀದಿ ಅನ್ಯಧರ್ಮೀಯರಿಗೆ ಶುಕ್ರವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ ತೆರೆದಿರುತ್ತದೆ. ಒಳಗೆ ನಮಾಜ್ ಮಾಡುತ್ತಿರುವವರ ಎದುರಿನಿಂದ ಹಾದುಹೋಗಬಾರದು, ಕಪಾಟಿನಲ್ಲಿರುವ ಕುರಾನ್ ಗ್ರಂಥವನ್ನು ಕುತೂಹಲಕ್ಕೆಂದು ಮುಟ್ಟಬಾರದು. ಮೆಕ್ಕಾ ನಗರಕ್ಕೆ ಮಾತ್ರ ಮುಸ್ಲಿಮೇತರರಿಗೆ ಪ್ರವೇಶವೇ ಇಲ್ಲ. ಸೌದಿಯಲ್ಲಿ ಅನ್ಯಧರ್ಮೀಯರ ಸಾರ್ವಜನಿಕ ಪೂಜೆಗೂ ಅವಕಾಶವಿಲ್ಲ. ಯುಎಇಯಲ್ಲಾದರೆ 2022ರಿಂದ ದುಬೈನ ಜೆಬೆಲ್ ಅಲಿಯಲ್ಲಿ, 2024ರ ಫೆಬ್ರವರಿಯಿಂದ ಅಬುಧಾಬಿಯಲ್ಲಿ ಹೊಸ ಹಿಂದೂ ದೇವಾಲಯಗಳಿವೆ.

ಅರಬರ ಮನೆಗೆ ಹೋಗುವ ಸಂದರ್ಭ ಬಂದರೆ "ಅಸ್ಸಲಾಮು ಅಲೈಕುಂ" ಎಂದು ಬಲಗೈಯನ್ನು ಎದೆಯ ಮೇಲೆ ಇರಿಸಿಕೊಂಡರೆ ಸಾಕು. ಹೆಂಗಸರು ತಾವಾಗಿಯೇ ಕೈ ಚಾಚದ ಹೊರತು ಗಂಡಸರು ಕೈಕುಲುಕಲು ಮುಂದಾಗಬಾರದು. ಅಳಿಯನ ಕಚೇರಿಯ ಹಿರಿಯರೊಬ್ಬರ ಮನೆಯಲ್ಲಿ ನಮಗೆ ಖರ್ಜೂರದ ತಟ್ಟೆಯೊಂದಿಗೆ ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿಯ ಕಹಿ ಕಾಫಿ ಕೊಟ್ಟರು. ಅದನ್ನು ಅವರು ಗಾವಾ ಎನ್ನುತ್ತಾರೆ. ಬಟ್ಟಲು ಖಾಲಿಯಾದಂತೆಲ್ಲ ಹುಡುಗ ತುಂಬುತ್ತಲೇ ಹೋದ, ನಾನು ಮರ್ಯಾದೆಗೆ ಕುಡಿಯುತ್ತಲೇ ಹೋದೆ. ಐದನೆಯ ಬಟ್ಟಲಿಗೆ ಅಳಿಯ ನಗು ತಡೆದುಕೊಂಡು, ಸಾಕೆನ್ನುವುದಕ್ಕೆ ಖಾಲಿ ಬಟ್ಟಲನ್ನು ಬೆರಳುಗಳ ನಡುವೆ ಎರಡು ಸಲ ಅಲುಗಾಡಿಸಿ ಕೊಡಬೇಕೆಂದು ಪಿಸುಗುಟ್ಟಿದ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ರಂಜಾನ್ ಚಾಂದ್ರಮಾನದ ತಿಂಗಳಾದ್ದರಿಂದ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಟಿಕೆಟ್ ಕಾಯ್ದಿರಿಸುವಾಗ ಇದನ್ನು ನೋಡಿಕೊಳ್ಳಬೇಕು. ಆ ತಿಂಗಳು ಹಗಲಿನಲ್ಲಿ ಬೀದಿ, ಬಸ್ಸು, ಉದ್ಯಾನಗಳಲ್ಲಿ ತಿನ್ನಬಾರದು, ನೀರನ್ನೂ ಕುಡಿಯಬಾರದು. ಕುವೈತ್‌ನಲ್ಲಿ ಇದು ಶಿಕ್ಷಾರ್ಹ. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ತಿಂದು, ಬಿಸಿಲು ಇಳಿದ ಮೇಲೆ ಹೊರಡುವಂತೆ ದಿನವನ್ನು ಹೊಂದಿಸಿಕೊಳ್ಳಬೇಕು. ರಂಜಾನ್ ಇಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಹೊರಗೆ ಹೋಗುವುದು ಬೇಡ. ನಂದಿಬೆಟ್ಟದ ತಪ್ಪಲಿನ ಗಾಳಿಯಲ್ಲಿ ಬೆಳೆದ ಮೈಗೆ ಆ ಬಿಸಿಲು ತಡೆಯದು. ಯುಎಇ ಸರ್ಕಾರವೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಿನ ಕೆಲಸವನ್ನು ನಿಲ್ಲಿಸಿರುತ್ತದೆ.

ಮದ್ಯದ ಬಗ್ಗೆ ಇಷ್ಟು ಸಾಕು: ಶಾರ್ಜಾ ಮತ್ತು ಕುವೈತ್‌ನಲ್ಲಿ ಅದು ನಿಷಿದ್ಧ, ದುಬೈನಲ್ಲಿ ಕುಡಿದು ಬೀದಿಯಲ್ಲಿ ತೂರಾಡಿದರೆ ಪೊಲೀಸು. ದುಬೈ ಮೆಟ್ರೊದಲ್ಲಿ ಏನನ್ನಾದರೂ ತಿಂದರೆ, ಗಂಡಸರು ಮಹಿಳೆಯರ ಡಬ್ಬಿ ಹತ್ತಿದರೆ 100 ದಿರ್ಹಮ್ ದಂಡ. ಎಲ್ಲೆಂದರಲ್ಲಿ ರಸ್ತೆ ದಾಟುವುದಕ್ಕೂ ದಂಡವಿದೆ. ಚಿಂತಾಮಣಿ ಬಸ್ ನಿಲ್ದಾಣದ ಮುಂದೆ ದಾಟುವಂತೆ ಅಲ್ಲಿ ದಾಟಿದರೆ ಜೀವಕ್ಕೂ ಅಪಾಯ. ಯುಎಇಯಲ್ಲಿ ಪೊಲೀಸರನ್ನು ಕರೆಯಲು 999, ಆಂಬ್ಯುಲೆನ್ಸ್‌ಗೆ 998. ಓಮನ್‌ನಲ್ಲಿ 9999.

ಕೆಲಸಕ್ಕೆಂದು ಹೊರಟ ಯುವಕರಿಗೆ ಒಂದು ಮಾತು. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಕೆಲಸ ಹುಡುಕಿಕೊಡುತ್ತೇವೆ ಎನ್ನುವ ಏಜೆಂಟರನ್ನು ನಂಬಬಾರದು, ಏಕೆಂದರೆ ಆ ವೀಸಾದಲ್ಲಿ ದುಡಿಯುವುದೇ ಅಪರಾಧ, ಅವಧಿ ಮೀರಿದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್‌ನಂತೆ ದಂಡ ಏರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆಗೆ ಅನುಮತಿ ಬೇಕು ಎಂಬ ಗುರುತು) ಎಂದಿದ್ದರೆ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಬೇಕು. ಪಾಸ್‌ಪೋರ್ಟನ್ನು ಮಾಲೀಕನ ಕೈಯಲ್ಲಿ ಬಿಡಬಾರದು. ಅದನ್ನು ಇಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ.

ಹಿಂದಿರುಗುವಾಗ ಪರಿಚಯದವರು "ಊರಿನಲ್ಲಿ ನಮ್ಮ ಅಮ್ಮನಿಗೆ ಕೊಟ್ಟುಬಿಡಿ" ಎಂದು ಪೊಟ್ಟಣ ತಂದರೆ ಅವರೆದುರೇ ಬಿಚ್ಚಿ ನೋಡಬೇಕು. ಬಿಚ್ಚಲು ಬಿಡದಿದ್ದರೆ ತೆಗೆದುಕೊಳ್ಳಬಾರದು. ಸುಂಕವಿಲ್ಲದೆ ಆಭರಣ ತರುವ ರಿಯಾಯಿತಿ ಒಂದು ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿದವರಿಗೆ ಮಾತ್ರ, ತಿಂಗಳಿಗೆಂದು ಹೋದ ನಮಗಲ್ಲ. ಮೈಮೇಲೆ ಹಾಕಿಕೊಂಡು ಹೋಗುವ ಒಡವೆಗಳನ್ನು ಹೊರಡುವಾಗಲೇ ದೇವನಹಳ್ಳಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆದಿಟ್ಟುಕೊಂಡರೆ, ವಾಪಸು ಬರುವಾಗ ಅಜ್ಜಿಯ ಅವಲಕ್ಕಿ ಸರವನ್ನು ಅಲ್ಲಿ ಕೊಂಡದ್ದೇ ಎಂದು ಯಾರೂ ಕೇಳುವುದಿಲ್ಲ.