ಮಾತ್ರೆ ಶೀಟು, ಎಂ-ಸೀಲು, ಹಳೇ ಇಯರ್‌ಫೋನು: ಮಿಗ್-21ರ ಪುಟಾಣಿ ಕಾಕ್‌ಪಿಟ್ ಮಾಡುವ ಬಗೆ

ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋದವರು ಅಲ್ಲಿನ ಮಿಗ್-21 ಯುದ್ಧವಿಮಾನದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಪೈಲಟ್ ಕೂರುವ ಜಾಗ, ಅಂದರೆ ಕಾಕ್‌ಪಿಟ್, ನಮ್ಮ ತಲೆಗಿಂತ ಮೇಲಿದೆ. ಎಷ್ಟು ಕತ್ತು ಚಾಚಿದರೂ ಒಳಗಡೆ ಕಾಣುವುದಿಲ್ಲ. ಮೇಜಿನ ಮೇಲಿಡುವ ಮಾಡೆಲ್ ವಿಮಾನದ್ದು ಉಲ್ಟಾ ಕಥೆ. ಅದನ್ನು ಎಲ್ಲರೂ ಮೇಲಿನಿಂದಲೇ ನೋಡುತ್ತಾರೆ. ಮನೆಗೆ ಬಂದವರು ಮೊದಲು ಬಗ್ಗುವುದೇ ಗಾಜಿನೊಳಗೆ ಇಣುಕಲು. ಅಲ್ಲಿ ಬೋಳು ಕುರ್ಚಿ, ಚಪ್ಪಟೆ ಗೋಡೆ ಕಂಡರೆ ಹೊರಗಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಸಪ್ಪೆ ಅನ್ನಿಸುತ್ತದೆ.

ತುಂಡುಗಳನ್ನು ಜೋಡಿಸಿ ಮಾಡೆಲ್ ಮಾಡುವ ಹಳೆಯ, ಅಗ್ಗದ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಕಾಕ್‌ಪಿಟ್ ಅಂದರೆ ನಾಲ್ಕೈದು ತುಂಡು ಪ್ಲಾಸ್ಟಿಕ್ ಅಷ್ಟೆ. ರೆಸಿನ್‌ನಲ್ಲಿ (ಗಟ್ಟಿಯಾಗುವ ರಾಳ) ಅಚ್ಚು ಹಾಕಿದ ರೆಡಿಮೇಡ್ ಕಾಕ್‌ಪಿಟ್ ಸೆಟ್ ತರಿಸಬಹುದು. ಆದರೆ ಕೆಲವೊಮ್ಮೆ ಅದರ ಬೆಲೆ ಕಿಟ್‌ನ ಬೆಲೆಯನ್ನೇ ಮೀರಿಸುತ್ತದೆ. ಮನೆಯಲ್ಲಿರುವ ಚೂರುಪಾರುಗಳಿಂದ ನಾವೇ ಮಾಡಿಕೊಳ್ಳೋಣ. ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ 1/48 ಸ್ಕೇಲ್‌ನವು, ಅಂದರೆ ನಿಜವಾದ ವಿಮಾನದ ನಲವತ್ತೆಂಟನೇ ಒಂದು ಪಾಲು. ಈ ಸ್ಕೇಲ್‌ನಲ್ಲಿ ಮಿಗ್-21ರ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 15 ಸೆಂ.ಮೀ. ಬರುತ್ತದೆ.

ಯಾವ ಮಿಗ್ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ಮಿಗ್-21 ನಮ್ಮ ವಾಯುಪಡೆಗೆ ಬಂದದ್ದು 1963ರಲ್ಲಿ. ಚಂಡೀಗಡದಲ್ಲಿ ಅದಕ್ಕೆ ಬೀಳ್ಕೊಡುಗೆ ಕೊಟ್ಟದ್ದು 2025ರ ಸೆಪ್ಟೆಂಬರ್ 26ರಂದು. ಈ ಅರವತ್ತು ಚಿಲ್ಲರೆ ವರ್ಷಗಳಲ್ಲಿ ಒಂದೇ ಹೆಸರಿನಲ್ಲಿ ಹಲವು ವಿಮಾನಗಳು ಹಾರಿವೆ. ಎಚ್‌ಎಎಲ್‌ನ ನಾಸಿಕ್ ಕಾರ್ಖಾನೆಯಲ್ಲಿ ತಯಾರಾದದ್ದು ಟೈಪ್ 77, ಟೈಪ್ 96 ಮತ್ತು ಬಿಸ್. ಟೈಪ್ 77ರ ಗಾಜಿನ ಮುಚ್ಚಳ, ಅಂದರೆ ಕ್ಯಾನೊಪಿ, ಮುಂದಕ್ಕೆ ಎದ್ದು ತೆರೆದುಕೊಳ್ಳುತ್ತದೆ. ಪೈಲಟ್ ಹೊರಗೆ ಜಿಗಿಯುವಾಗ ಆ ಗಾಜು ಸೀಟಿನ ಜೊತೆಗೇ ಹಾರಿ ಅವನಿಗೆ ಗಾಳಿಯ ಹೊಡೆತ ತಾಗದಂತೆ ಅಡ್ಡ ನಿಲ್ಲುವ ಏರ್ಪಾಡು ಅದರಲ್ಲಿತ್ತು. ಮುಂದಿನ ಟೈಪ್ 96 ಮತ್ತು ಬಿಸ್‌ನಲ್ಲಿ ಕ್ಯಾನೊಪಿ ಬಲಕ್ಕೆ ತೆರೆಯುತ್ತದೆ, ಸೀಟೂ ಬೇರೆ, ಕೆಎಂ-1. ಕೊನೆಗೆ ಬಂದ ಬೈಸನ್‌ನಲ್ಲಿ ಡಯಲ್‌ಗಳ ನಡುವೆ ಪರದೆಯೂ ಸೇರಿಕೊಂಡಿತು. ಒಂದರ ಸೀಟನ್ನು ಇನ್ನೊಂದಕ್ಕೆ ಕೂರಿಸಿದರೆ ಗೊತ್ತಿರುವವರು ತಕ್ಷಣ ಹಿಡಿಯುತ್ತಾರೆ. ನಾನು ಇಲ್ಲಿ ಟೈಪ್ 96 ಇಟ್ಟುಕೊಂಡಿದ್ದೇನೆ.

ಆ ಮಾದರಿಯ ಐದಾರು ಒಳ್ಳೆಯ ಫೋಟೊ ಹುಡುಕಿ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ. ಕೈಗೆಲ್ಲ ಅಂಟು ಮೆತ್ತಿಕೊಂಡಿರುವಾಗ ಮೊಬೈಲ್ ಮುಟ್ಟೋಕಾಗಲ್ಲ.

ಲೆಕ್ಕ ಸುಲಭ

ನಿಜವಾದ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದು 48ರಿಂದ ಭಾಗಿಸಿ. 80 ಮಿ.ಮೀ.ನ ಡಯಲ್ ಇಲ್ಲಿ 1.7 ಮಿ.ಮೀ. ಆಗುತ್ತದೆ. 45 ಮಿ.ಮೀ. ಅಗಲದ ಸೀಟ್ ಬೆಲ್ಟ್ ಒಂದು ಮಿ.ಮೀ.ಗೆ ಒಂಚೂರು ಕಮ್ಮಿ. ಈಗ ಇದನ್ನೇ ತಿರುಗಿಸಿ ನೋಡಿ. ಕಿಟ್‌ನ ಗೋಡೆಯ ದಪ್ಪ ಒಂದು ಮಿ.ಮೀ. ಇದ್ದರೆ ನಿಜದ ಲೆಕ್ಕದಲ್ಲಿ ಅದು ಸುಮಾರು 5 ಸೆಂ.ಮೀ. ಅಂದರೆ ವಿಮಾನದ ತಗಡಿನ ಬದಲು ಮರದ ಹಲಗೆ ಹೊಡೆದ ಹಾಗೆ!

ಹಾಗಾಗಿ ಮೊದಲ ಕೆಲಸ ಸೇರಿಸುವುದಲ್ಲ, ಕೆರೆಯುವುದು. ಕಾಕ್‌ಪಿಟ್ ಬಾಯಿಯ ಅಂಚನ್ನು ಒಳಗಿನಿಂದ ಚಾಕುವಿನಲ್ಲಿ ಕೆರೆದು, ಉಜ್ಜುಕಾಗದ ಹಿಡಿದು ತೆಳ್ಳಗೆ ಮಾಡಿ. ಇಡೀ ಗೋಡೆ ಸವೆಸಬೇಕಾಗಿಲ್ಲ, ಮೇಲಿನ ಅಂಚು ತೆಳ್ಳಗೆ ಕಂಡರೆ ಸಾಕು. ಇಷ್ಟು ಮಾಡಿ ಬೇರೇನೂ ಮಾಡದೆ ಬಿಟ್ಟರೂ ಮಾಡೆಲ್ ಅರ್ಧ ಸುಧಾರಿಸುತ್ತದೆ. ನೀರು ಹಚ್ಚಿ ಉಜ್ಜಿ, ಪ್ಲಾಸ್ಟಿಕ್ ಪುಡಿ ಮೂಗಿಗೆ ಹೋಗುವುದು ಬೇಡ.

ಸಾಮಾನು

ಮುಖ್ಯವಾಗಿ ಬೇಕಾದದ್ದು 0.25 ಮತ್ತು 0.5 ಮಿ.ಮೀ. ದಪ್ಪದ ಬಿಳಿ ಪಾಲಿಸ್ಟೈರಿನ್ ಶೀಟ್. ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗುವ ತನಕ ಮೊಸರಿನ ಕಪ್ಪು, ಐಸ್‌ಕ್ರೀಮ್ ಕಪ್ಪು ಕೂಡ ಆದೀತು. ಆದರೆ ಅದರ ತಳದ ತ್ರಿಕೋನದೊಳಗಿನ ಸಂಖ್ಯೆ ನೋಡಿ. 6 ಇದ್ದರೆ ಪಾಲಿಸ್ಟೈರಿನ್, ಕಿಟ್ ಅಂಟಿಗೆ ಹಿಡಿಯುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್, ಯಾವ ಅಂಟು ಹಾಕಿದರೂ ಕಿತ್ತು ಬರುತ್ತದೆ.

ಉಳಿದದ್ದೆಲ್ಲ ಮನೆಯಲ್ಲೇ ಇದೆ. ಹಾಳಾದ ಇಯರ್‌ಫೋನಿನ ಒಳಗಿನ ತಾಮ್ರದ ಎಳೆ, ಮಾತ್ರೆ ಶೀಟಿನ ಹಿಂದಿನ ಫಾಯಿಲ್, ಒಂದು ಎಂ-ಸೀಲ್, ಮೇಣದಬತ್ತಿ, ಫೆವಿಕಾಲ್, ಕಿಟ್‌ನ ತುಂಡುಗಳು ಕಚ್ಚಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿ. ಈ ಕಡ್ಡಿಗೆ ಸ್ಪ್ರೂ ಅಂತ ಹೆಸರು, ಎಸೆಯಬೇಡಿ. ಸಣ್ಣ ಡ್ರಿಲ್ ಬಿಟ್ ಬೇಕಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಸರ್ಕ್ಯೂಟ್ ಬೋರ್ಡ್ ಕೊರೆಯುವ ಬಿಟ್ ನಮಗೂ ಸರಿಹೋಗುತ್ತದೆ.

ತೊಟ್ಟಿ ಮತ್ತು ಗೋಡೆ

ಕಿಟ್‌ನಲ್ಲಿ ಬಂದ ಕಾಕ್‌ಪಿಟ್ ತೊಟ್ಟಿಯನ್ನೇ ಅಳತೆಗೆ ಇಟ್ಟುಕೊಂಡು 0.5 ಮಿ.ಮೀ. ಶೀಟಿನಲ್ಲಿ ನೆಲ ಕತ್ತರಿಸಿ. ಎಡ ಬಲದ ಕಟ್ಟೆಗಳನ್ನು ಸಣ್ಣ ಪೆಟ್ಟಿಗೆಯ ಹಾಗೆ ಕಟ್ಟಿ. ಅವುಗಳ ಮೇಲೆ 0.25 ಮಿ.ಮೀ. ಶೀಟಿನ ಚಿಕ್ಕ ಚಿಕ್ಕ ಚೌಕಗಳು, ಸ್ವಿಚ್‌ಗೆ ತಾಮ್ರದ ಎಳೆಯ ಅರ್ಧ ಮಿ.ಮೀ. ತುಂಡುಗಳು. ಗೋಡೆಗೆ ಒಂದೆರಡು ವೈರ್ ಬಗ್ಗಿಸಿ ಅಂಟಿಸಿ. ಎಲ್ಲ ಸ್ವಿಚ್ಚನ್ನೂ ಎಣಿಸಿ ಮಾಡಲು ಹೋಗಬೇಡಿ. ಎಡಗಡೆ ಥ್ರಾಟಲ್ ಹಿಡಿ (ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವುದು) ಮಾತ್ರ ಸರಿಯಾದ ಜಾಗದಲ್ಲಿರಲಿ, ಕಣ್ಣು ಅದನ್ನು ಹುಡುಕುತ್ತದೆ.

ಒಂದೊಂದು ತುಂಡು ಅಂಟಿಸಿದಾಗಲೂ ವಿಮಾನದ ಎರಡು ಹೋಳುಗಳನ್ನು ಟೇಪ್‌ನಲ್ಲಿ ಜೋಡಿಸಿ ತೊಟ್ಟಿ ಒಳಗೆ ಕೂರುತ್ತದಾ ಅಂತ ನೋಡಿ. ನನ್ನ ಮೊದಲ ಕಾಕ್‌ಪಿಟ್‌ನಲ್ಲಿ ಹೀಗೆ ನೋಡದೆ ಎರಡು ವಾರ ಕೂತು ಕೆಲಸ ಮಾಡಿದ್ದೆ. ಕೊನೆಗೆ ಹೋಳುಗಳು ಮುಚ್ಚಲೇ ಇಲ್ಲ, ನಡುವೆ ಎರಡು ಮಿ.ಮೀ. ಸಂದು. ಕಟ್ಟೆಗಳನ್ನೆಲ್ಲ ಕೆತ್ತಿ ಹಾಕಬೇಕಾಯಿತು.

ಡಯಲ್ ಫಲಕ

ಇದಕ್ಕೆ ಮೂರು ಪದರ. ಫಲಕದ ಚಿತ್ರವನ್ನು ಕಂಪ್ಯೂಟರಿನಲ್ಲಿ ನಿಮ್ಮ ಕಿಟ್‌ನ ಫಲಕದಷ್ಟೇ ಅಗಲಕ್ಕೆ ಇಳಿಸಿ ಫೋಟೊ ಪೇಪರ್ ಮೇಲೆ ಪ್ರಿಂಟ್ ತೆಗೆಯಿರಿ. ಅದು ಹಿಂದಿನ ಪದರ. ಮುಂದಿನದು 0.25 ಮಿ.ಮೀ. ಶೀಟ್, ಡಯಲ್ ಇರುವ ಕಡೆಯೆಲ್ಲ ತೂತು. ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಸೂಜಿಯಲ್ಲಿ ಚುಚ್ಚಿ, ಆಮೇಲೆ ಬಿಟ್ ಕೈಯಲ್ಲೇ ತಿರುಗಿಸಿ ಕೊರೆಯಿರಿ. ಸೂಜಿ ಗುರುತು ಇಲ್ಲದಿದ್ದರೆ ಬಿಟ್ ಜಾರಿ ಎಲ್ಲೆಲ್ಲೋ ಹೋಗುತ್ತದೆ. ಮುಂದಿನ ಪದರಕ್ಕೆ ಬಣ್ಣ ಹೊಡೆದು ಒಣಗಿಸಿ, ಎರಡನ್ನೂ ಫೆವಿಕಾಲ್‌ನಲ್ಲಿ ಅಂಟಿಸಿ. ಮೂರನೆಯ ಪದರ ಗಾಜು. ಟೂತ್‌ಪಿಕ್ ತುದಿಯಿಂದ ಒಂದೊಂದು ತೂತಿಗೂ ಒಂದು ಹನಿ ಹೊಳಪಿನ (ಗ್ಲಾಸಿ) ವಾರ್ನಿಷ್ ಬಿಡಿ. ಒಣಗಿದ ಮೇಲೆ ಲೈಟ್ ಕೆಳಗೆ ಹಿಡಿದರೆ ಪ್ರತಿ ಡಯಲ್ ಮಿಣ್ಣಗೆ ಹೊಳೆಯುತ್ತದೆ.

ಫಲಕದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಬಿಳಿ ಗೆರೆ ಇರುವುದನ್ನು ಫೋಟೊದಲ್ಲಿ ನೋಡಿರುತ್ತೀರಿ. ಅದು ಅಲಂಕಾರವಲ್ಲ. ವಿಮಾನ ಹಿಡಿತ ತಪ್ಪಿ ಗಿರಗಿರನೆ ತಿರುಗುತ್ತ ಬೀಳುವಾಗ ಪೈಲಟ್‌ಗೆ ದಿಕ್ಕೇ ತೋಚುವುದಿಲ್ಲ. ಆಗ ಕಂಟ್ರೋಲ್ ಸ್ಟಿಕ್ಕನ್ನು ಆ ಗೆರೆಯ ನೇರಕ್ಕೆ ತಂದರೆ ಅದು ನಟ್ಟನಡುವೆ ಬಂತು ಎಂದು ಲೆಕ್ಕ. ಸೋವಿಯತ್ ಯುದ್ಧವಿಮಾನಗಳಲ್ಲಿ ಈ ಗೆರೆ ಸಾಮಾನ್ಯ. ಮಾಡೆಲ್‌ನಲ್ಲಿ ಇದನ್ನು ಬ್ರಶ್ ಹಿಡಿದು ಎಳೆಯಬೇಡಿ, ಸೊಟ್ಟಗಾಗುತ್ತದೆ. ಬಿಳಿ ಡೆಕಾಲ್‌ನಲ್ಲಿ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಸ್ಟಿಕ್ಕರ್) ಕೂದಲಿನಂಥ ಪಟ್ಟಿ ಕತ್ತರಿಸಿ ಅಂಟಿಸಿ.

ಸೀಟಿಗೆ ಸಮಯ ಕೊಡಿ

ಮೇಲಿನಿಂದ ಬಗ್ಗಿದವರಿಗೆ ಜಾಸ್ತಿ ಕಾಣುವುದು ಸೀಟೇ. ಡಯಲ್‌ಗಿಂತ ಇದಕ್ಕೇ ಹೆಚ್ಚು ಸಮಯ ಹೋಗಲಿ.

ಚೌಕಟ್ಟನ್ನು 0.5 ಮಿ.ಮೀ. ಶೀಟಿನಲ್ಲಿ ಕಟ್ಟಿ. ಕೂರುವ ಮತ್ತು ಒರಗುವ ದಿಂಬುಗಳಿಗೆ ಎಂ-ಸೀಲ್. ಎರಡು ಬಣ್ಣದ ಕಡ್ಡಿಗಳಿಂದ ಕಡಲೆಕಾಳಿನಷ್ಟು ಸಮ ಪ್ರಮಾಣದಲ್ಲಿ ತೆಗೆದು, ಒಂದೇ ಬಣ್ಣ ಬರುವವರೆಗೆ ನಾದಿ. ಗಾಜಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಚಪಾತಿ ಲಟ್ಟಿಸಿದಂತೆ ಪೆನ್ನಿನ ರೀಫಿಲ್ ಉರುಳಿಸಿ ತೆಳ್ಳಗೆ ಮಾಡಿ, ಸೀಟಿನ ಅಳತೆಗೆ ಕತ್ತರಿಸಿ ಕೂರಿಸಿ. ಇನ್ನೂ ಮೆತ್ತಗಿರುವಾಗಲೇ ಒದ್ದೆ ಟೂತ್‌ಪಿಕ್‌ನಿಂದ ನಡುವೆ ಮೆಲ್ಲಗೆ ಒತ್ತಿ ಗುಳಿ ಮಾಡಿ. ದಿನವೂ ಯಾರೋ ಕೂತು ಎದ್ದ ಸೀಟು ಅಂತ ಕಾಣಬೇಕು. ಅಂಚಿಗೆ ಸೂಜಿಯಿಂದ ಒಂದೆರಡು ಸುಕ್ಕು ಎಳೆದರೆ ಬಟ್ಟೆಯ ಕಳೆ ಬರುತ್ತದೆ.

ಬೆಲ್ಟ್‌ಗೆ ಮಾತ್ರೆ ಶೀಟಿನ ಫಾಯಿಲ್. ಅದರ ಅಕ್ಷರ ಹೋಗುವಂತೆ ಥಿನ್ನರ್‌ನಲ್ಲಿ ಒರೆಸಿ, ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡಿನಿಂದ ಒಂದು ಮಿ.ಮೀ. ಪಟ್ಟಿಗಳನ್ನು ಎಳೆಯಿರಿ. ಬಕಲ್‌ಗೆ ತಾಮ್ರದ ಎಳೆಯನ್ನು ಬ್ಲೇಡಿನ ತುದಿಗೆ ಸುತ್ತಿ ಚೌಕ ಮಾಡಿ. ಪಟ್ಟಿಯನ್ನು ಅದರೊಳಗೆ ತೂರಿಸಿ ಮಡಚಿ. ಕಣ್ಣು ನೋಯುವ ಕೆಲಸ, ಒಂದು ಸಂಜೆಗೆ ಎರಡು ಬಕಲ್ ಆದರೆ ದೊಡ್ಡದು. ಬೆಲ್ಟನ್ನು ಸೀಟಿಗೆ ಚಪ್ಪಟೆಯಾಗಿ ಮೆತ್ತಬೇಡಿ. ಒಂದು ಪಕ್ಕಕ್ಕೆ ಜಾರಿ ಬಿದ್ದಿರಲಿ, ಇನ್ನೊಂದು ಸೀಟಿನ ಅಂಚಿಂದ ಜೋತಾಡಲಿ. ಪೇಪರ್ ಟೇಪ್‌ನಲ್ಲೂ ಬೆಲ್ಟ್ ಮಾಡುತ್ತಾರೆ. ನನಗೆ ಫಾಯಿಲ್ಲೇ ಇಷ್ಟ, ಬಗ್ಗಿಸಿದಂತೆ ನಿಲ್ಲುತ್ತದೆ.

ಪೈಲಟ್ ಹೊರಗೆ ಜಿಗಿಯಲು ಎಳೆಯುವ ಸೀಟಿನ ಕೆಂಪು ಹಿಡಿಗಳಿಗೂ ಕಂಟ್ರೋಲ್ ಸ್ಟಿಕ್‌ಗೂ ಸ್ಪ್ರೂ ಎಳೆ. ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಗೆ ತಾಗಿಸದೆ, ಒಂದೆರಡು ಸೆಂ.ಮೀ. ಮೇಲೆ ಹಿಡಿದು ತಿರುಗಿಸುತ್ತಿರಿ. ಹೊಳಪು ಬಂದು ಬಾಗಲು ಶುರುವಾದಾಗ ಪಕ್ಕಕ್ಕೆ ತಂದು ಎರಡೂ ಕಡೆ ಎಳೆಯಿರಿ. ನಿಧಾನಕ್ಕೆ ಎಳೆದರೆ ದಪ್ಪ ಎಳೆ, ಬೇಗ ಎಳೆದರೆ ಕೂದಲಿನಷ್ಟು ಸಣ್ಣದು. ಮಕ್ಕಳು ಮಾಡುತ್ತಿದ್ದರೆ ಜೊತೆಗೆ ದೊಡ್ಡವರೊಬ್ಬರು ಕೂತಿರಿ.

ಆ ಹಸಿರು-ನೀಲಿ

ಹಳೆಯ ಮಿಗ್‌ಗಳ ಒಳಗಿನ ಬಣ್ಣ ಒಮ್ಮೆ ನೋಡಿದರೆ ಮರೆಯುವುದಿಲ್ಲ. ನವಿಲಿನ ಕತ್ತಿನ ಬಣ್ಣಕ್ಕೆ ಹಾಲು ಬೆರೆಸಿದ ಹಾಗಿರುತ್ತದೆ. ಅಕ್ರಿಲಿಕ್‌ನಲ್ಲಿ ಬಿಳಿಗೆ ನೀಲಿ, ಆಮೇಲೆ ಹಸಿರು ಹನಿ ಹನಿಯಾಗಿ ಸೇರಿಸುತ್ತ ಬನ್ನಿ. ಅಕ್ರಿಲಿಕ್ ಒಣಗಿದ ಮೇಲೆ ಒಂಚೂರು ಗಾಢವಾಗುತ್ತದೆ. ಅದಕ್ಕೇ ಕಾರ್ಡ್ ಮೇಲೆ ಬಳಿದು, ಒಣಗಿಸಿ, ಫೋಟೊ ಪಕ್ಕ ಹಿಡಿದು ನೋಡಿ. ಬೇಕಾದ್ದಕ್ಕಿಂತ ತಿಳಿಯಾಗಿಯೇ ಇಟ್ಟುಕೊಳ್ಳಿ. ಮುಚ್ಚಿದ ಗಾಜಿನ ಕೆಳಗೆ ಹೇಗೂ ಕತ್ತಲು ಜಾಸ್ತಿ.

ಬಣ್ಣ ಒಣಗಿದ ಮೇಲೆ ಒಂದು ಕೈ ಹೊಳಪಿನ ವಾರ್ನಿಷ್. ಬಳಿಕ ಕಂದು ಆಯಿಲ್ ಪೇಂಟನ್ನು ಟರ್ಪೆಂಟೈನ್‌ನಲ್ಲಿ ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಮೂಲೆಗಳಿಗೆ ಹರಿಸಿ. ಅದು ಸಂದುಗಳಲ್ಲಿ ನಿಂತು ನೆರಳು ಕೊಡುತ್ತದೆ. ಟರ್ಪೆಂಟೈನ್ ಒಣಗಿದ ಅಕ್ರಿಲಿಕ್ಕನ್ನು ಕರಗಿಸುವುದಿಲ್ಲ, ಹೆದರಬೇಡಿ. ಕೊನೆಗೆ ಬ್ರಶ್‌ಗೆ ತಿಳಿ ಬಣ್ಣ ತಾಗಿಸಿ, ಬಟ್ಟೆಗೆ ಒರೆಸಿ ಬಹುತೇಕ ಖಾಲಿ ಮಾಡಿ, ಉಬ್ಬಿದ ಅಂಚುಗಳ ಮೇಲೆ ಆಡಿಸಿ. ನೀವು ಮಾಡಿದ ಸ್ವಿಚ್ಚುಗಳು ಆಗ ಎದ್ದು ಕಾಣುತ್ತವೆ.

ಮುಚ್ಚುವ ಮುಂಚೆ

ಮಿಗ್-21ರ ಮಾಡೆಲ್‌ಗೆ ಬಾಲದ ಕಡೆ ಭಾರ ಜಾಸ್ತಿ. ಹಾಗೇ ಮುಚ್ಚಿದರೆ ಮೂತಿ ಮೇಲೆತ್ತಿ ಕೂರುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮೂತಿಯ ಕೋನ್ ಒಳಗೆ, ಕಾಕ್‌ಪಿಟ್ ತೊಟ್ಟಿಯ ಕೆಳಗೆ ತುಂಬಿ, ಅಲುಗದಂತೆ ಎಂ-ಸೀಲ್ ಮೆತ್ತಿ. ಸೀಸ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಇನ್ನು ಗಾಜು. ಇದಕ್ಕೆ ಸೂಪರ್ ಗ್ಲೂ ಬೇಡವೇ ಬೇಡ. ಅದರ ಆವಿ ಗಾಜಿನ ಒಳಮೈಗೆ ಹತ್ತಿ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನನ್ನದೊಂದು ಕ್ಯಾನೊಪಿ ರಾತ್ರಿ ಅಂಟಿಸಿ ಬೆಳಗ್ಗೆ ನೋಡುವಷ್ಟರಲ್ಲಿ ಚಳಿಗಾಲದ ಬಸ್ಸಿನ ಕಿಟಕಿಯಾಗಿತ್ತು. ಒಳಗಿನ ಬಕಲ್‌ಗಳನ್ನು ನಾನೊಬ್ಬನೇ ನೋಡಿದ್ದು. ಫೆವಿಕಾಲ್ ಸಾಕು, ಒಣಗಿದರೆ ಗುರುತೂ ಕಾಣುವುದಿಲ್ಲ, ಹೊರಗೆ ಹರಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮುಂದಿನ ವಿಂಡ್‌ಸ್ಕ್ರೀನ್ ಮಾತ್ರ ಅಂಟಿಸಿ. ಕ್ಯಾನೊಪಿಯನ್ನು ಬಲಕ್ಕೆ ತೆರೆದಿಡಿ, ಆಸರೆಗೆ ಸ್ಪ್ರೂ ಎಳೆಯ ಒಂದು ತುಂಡು. ಧೂಳು ಕೂರುತ್ತದೆ ನಿಜ. ವಾರಕ್ಕೊಮ್ಮೆ ಒಣ ಬ್ರಶ್ ಆಡಿಸಿ, ಬೆಲ್ಟ್‌ಗೆ ತಾಗದ ಹಾಗೆ.