ಇಳಿತದ ವೇಳೆ ನೋಡಿ ರಕ್ತ ತೆಗೆದದ್ದು

ಆ ದಿನ ಡಬ್ಬ ತೆರೆದಾಗ ಕಂಡ ಬಣ್ಣ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿಯೇ ಸೀರಂ. ಅದು ಒಣಹುಲ್ಲಿನ ಹಳದಿ ಇರಬೇಕು. ನನ್ನ ಮುಂದಿದ್ದ 19 ಟ್ಯೂಬುಗಳಲ್ಲಿ 11ರ ಸೀರಂ ಮುರುಗಲು ಹಣ್ಣಿನ ಪಾನಕದ ಹಾಗೆ ಕೆಂಪಗಿತ್ತು.

ನಾನು ಕುಮಟಾದವಳು, ಲ್ಯಾಬ್ ಟೆಕ್ನಿಶಿಯನ್. ಅಘನಾಶಿನಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರ ಆರೋಗ್ಯದ ಮೇಲೆ ನಡೆದ ಒಂದು ಅಧ್ಯಯನಕ್ಕೆ ರಕ್ತ ತೆಗೆಯುವ ಕೆಲಸ ನನ್ನದಾಗಿತ್ತು. ರಕ್ತಹೀನತೆ ಎಷ್ಟಿದೆ, ಸಕ್ಕರೆ ಕಾಯಿಲೆ ಎಷ್ಟಿದೆ ಅಂತ ನೋಡುವುದು ಉದ್ದೇಶ. ನೋಡುವುದು ಬಯೋಮಾರ್ಕರುಗಳ ಮೂಲಕ. ಮೈಯೊಳಗೆ ಏನು ನಡೆಯುತ್ತಿದೆ ಎಂದು ಹೊರಗೆ ಅಳೆದು ತೋರಿಸುವ ಗುರುತುಗಳು ಇವು. ನಮ್ಮ ಪಟ್ಟಿಯಲ್ಲಿ ಮುಖ್ಯವಾಗಿ ನಾಲ್ಕಿದ್ದವು: ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಹೇಳುವ ಫೆರಿಟಿನ್, ಉರಿಯೂತ ತೋರಿಸುವ ಸಿಆರ್‌ಪಿ, ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ನೂರಕ್ಕೆ ಎಷ್ಟು ಎಂದು ಹೇಳುವ ಎಚ್‌ಬಿಎ1ಸಿ. ಜೊತೆಗೆ ಖಾಲಿ ಹೊಟ್ಟೆಯ ಸಕ್ಕರೆ.

ಮೊದಲ ಮಳೆಗಾಲದಲ್ಲಿ ನಮ್ಮ ಹತ್ತಿರ ರಕ್ತವನ್ನು ಜೋರಾಗಿ ತಿರುಗಿಸಿ ಸೀರಂ ಬೇರೆ ಮಾಡುವ ಸೆಂಟ್ರಿಫ್ಯೂಜ್ ಇರಲಿಲ್ಲ. ತೆಗೆದ ರಕ್ತವನ್ನು ಹಾಗೇ ತಂಪು ಡಬ್ಬದಲ್ಲಿಟ್ಟು ಶಿರಸಿಗೆ ಒಯ್ಯುತ್ತಿದ್ದೆವು. ಒಂದು ದಿನ ದೇವಿಮನೆ ಘಟ್ಟದಲ್ಲಿ ಮರ ಬಿದ್ದು ರಸ್ತೆ ಬಂದಾಯಿತು. ಗಾಡಿ ಮೂರು ತಾಸು ನಿಂತಿತು. ಟ್ಯೂಬುಗಳು ಗಟ್ಟಿ ಐಸ್ ಪ್ಯಾಕಿಗೆ ತಾಗಿಕೊಂಡೇ ಇದ್ದವು. ರಕ್ತ ಹೆಪ್ಪುಗಟ್ಟಬಹುದು, ಆದರೆ ಮಂಜುಗಟ್ಟಬಾರದು. ಮಂಜುಗಟ್ಟಿದರೆ ಕೆಂಪು ಕಣಗಳು ಒಡೆದು ಒಳಗಿದ್ದದ್ದೆಲ್ಲ ಸೀರಂಗೆ ಸೇರುತ್ತದೆ. ಪೊಟ್ಯಾಶಿಯಂ ಏರುತ್ತದೆ, ಕಬ್ಬಿಣದ ಲೆಕ್ಕ ತಪ್ಪುತ್ತದೆ. ಹೆದರಿಕೆಯ ಮಾತು ಏನಂದರೆ, ಬಣ್ಣ ನೋಡದೆ ಮೆಷಿನ್ನಿಗೆ ಹಾಕಿದರೆ ಅದು ಏನೋ ಒಂದು ಸಂಖ್ಯೆ ಕೊಟ್ಟುಬಿಡಬಹುದು. ಆ ಸಂಖ್ಯೆ ಒಬ್ಬ ಹೆಂಗಸಿನ ಹೆಸರಿನ ಮುಂದೆ ಕೂತುಬಿಡುತ್ತದೆ.

ಇದಕ್ಕೆ ದಾರಿ ತೋರಿಸಿದವರು ಮಕ್ಕಳಿಗೆ ಲಸಿಕೆ ಹಾಕಲು ಬರುವ ಸಿಸ್ಟರ್. "ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಡಬ್ಬಕ್ಕೆ ಹಾಕಬೇಡ. ಹೊರಗಿಡು. ಮೈ ಬೆವರಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕಬೇಕು. ಆಮೇಲೆ ಇಡು" ಎಂದರು. ಅಂದಿನಿಂದ ಪ್ರತಿ ಪ್ಯಾಕನ್ನೂ ಕಿವಿಗೆ ಹಿಡಿದೇ ಇಡುತ್ತೇನೆ. ಟ್ಯೂಬಿಗೂ ಪ್ಯಾಕಿಗೂ ನಡುವೆ ಒಂದು ದಪ್ಪ ಬಟ್ಟೆ. ಮುಂದಿನ ವರ್ಷ ಒಂದು ಚಿಕ್ಕ ಸೆಂಟ್ರಿಫ್ಯೂಜ್ ಸಿಕ್ಕಿತು. ಊರಿನ ಶಾಲೆಯ ಕೋಣೆಯಲ್ಲೇ ಅರ್ಧ ತಾಸು ರಕ್ತ ಹೆಪ್ಪುಗಟ್ಟಲು ಬಿಟ್ಟು, ಹತ್ತು ನಿಮಿಷ ತಿರುಗಿಸಿ, ಸೀರಂ ಬೇರೆ ಮಾಡಿಕೊಂಡೇ ಹೊರಡುತ್ತಿದ್ದೆವು. ಕರೆಂಟು ಹೋದರೆ ಯಾರದ್ದಾದರೂ ಮನೆಯ ಇನ್ವರ್ಟರಿಗೆ ಓಡುವುದು.

ಹಾಳಾದ 11 ಟ್ಯೂಬಿನವರ ಮನೆಗೆ ನಾನೇ ಮತ್ತೆ ಹೋದೆ. ಒಬ್ಬರು ಸಿಟ್ಟಾದರು. "ಹಿಂದೆ ಯಾರೋ ಬಂದು ರಕ್ತ ತಗೊಂಡು ಹೋದ್ರು. ಮತ್ತೆ ಮುಖ ತೋರಿಸ್ಲಿಲ್ಲ. ನೀನು ಎರಡನೇ ಸಲ ಕೇಳ್ತೆ" ಎಂದರು. ಅವರ ಮಾತು ನಿಜವೇ. ಸಂಶೋಧನೆಗೆ ರಕ್ತ ಕೊಟ್ಟವರಿಗೆ ಅದರಲ್ಲಿ ಏನು ಕಂಡಿತು ಅಂತ ಹೇಳದೆ ಇರುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು. ಹೀಗೆ ಹಾಳಾಯಿತು, ತಪ್ಪು ನಮ್ಮದು, ವರದಿ ನಾನೇ ತಂದುಕೊಡುತ್ತೇನೆ ಎಂದು ಬಿಡಿಸಿ ಹೇಳಿದೆ. ಎಂಟು ಜನ ಮತ್ತೆ ಕೈ ಚಾಚಿದರು. ಮೂವರು ಬೇಡ ಅಂದರು. ಅವರ ಹೆಸರನ್ನು ಪಟ್ಟಿಯಿಂದ ತೆಗೆದೆವು, ಒತ್ತಾಯ ಮಾಡಲಿಲ್ಲ.

ವೇಳೆಯದ್ದೇ ಇನ್ನೊಂದು ಪಾಠ. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಏಳಕ್ಕೆ ಬನ್ನಿ ಅಂತ ನಮ್ಮ ಕಾಗದದಲ್ಲಿ ಬರೆದಿತ್ತು. ಆದರೆ ಹೊಳೆ ಗಡಿಯಾರ ನೋಡುವುದಿಲ್ಲ. ಇಳಿತ ಬಂದಾಗ, ಅಂದರೆ ಸಮುದ್ರದ ನೀರು ತಗ್ಗಿದಾಗ, ಬಳಚು ಹೆಕ್ಕಬೇಕು, ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಕೆಲವು ದಿನ ಅವರು ಕತ್ತಲಲ್ಲೇ ಎದ್ದು, ಚಾ ಕುಡಿದು, ಸೊಂಟದ ಮಟ್ಟದ ನೀರಲ್ಲಿ ನಿಂತಿರುತ್ತಿದ್ದರು. ಹೊರೆ ಹೊತ್ತು ಬಂದವರ ರಕ್ತವನ್ನು ಆಗಲೇ ತೆಗೆದರೆ ಅದು ವಿಶ್ರಾಂತಿಯಲ್ಲಿದ್ದವರ ರಕ್ತದ ಹಾಗಿರುವುದಿಲ್ಲ. ಬೆವರಿ ಗಟ್ಟಿಯಾಗಿರುತ್ತದೆ. ಹಾಗಂತ ಹನ್ನೊಂದರ ತನಕ ಉಪವಾಸ ಇರಿ ಅಂತ ಯಾವ ಬಾಯಲ್ಲಿ ಹೇಳಲಿ? ಕೊನೆಗೆ ಪಂಚಾಂಗ ಹಿಡಿದು ಅವರ ಹತ್ತಿರವೇ ಕೂತೆವು. ತಿಥಿ ಹೇಳಿದರೆ ಸಾಕು, ಆ ದಿನ ಇಳಿತ ಎಷ್ಟೊತ್ತಿಗೆ ಅಂತ ಅವರು ಬಾಯಲ್ಲೇ ಹೇಳುತ್ತಿದ್ದರು. ಇಳಿತ ತಡವಾಗಿ ಬರುವ ದಿನಗಳನ್ನು ಆರಿಸಿ, ಆರೂವರೆಗೆ ಶಾಲೆಯ ಬಾಗಿಲು ತೆರೆದೆವು. ಹತ್ತು ನಿಮಿಷ ಸುಮ್ನೆ ಕೂರಿಸಿ ಆಮೇಲೆ ಸೂಜಿ. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಇರಬಾರದು. ರಕ್ತ ಕೊಟ್ಟವರಿಗೆ ಅಲ್ಲೇ ಅವಲಕ್ಕಿ, ಚಾ.

ಸಕ್ಕರೆಯ ಟ್ಯೂಬಿನದ್ದೂ ಹೀಗೆ. ಟ್ಯೂಬಿನಲ್ಲಿದ್ದರೂ ರಕ್ತದ ಕಣಗಳು ಬದುಕಿರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಮಾಮೂಲಿ ಟ್ಯೂಬಿನಲ್ಲಿ ಬಿಟ್ಟರೆ ತಾಸಿಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆ ಕಡಿಮೆಯಾಗುತ್ತದೆ. ಅದಕ್ಕೇ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬು, ಅದೂ ಕೂಡಲೇ ತಂಪಿಗೆ.

ಈಗ ಅವರಲ್ಲಿ ಒಬ್ಬ ಅಕ್ಕನ ಸುದ್ದಿಗೆ ಬರುತ್ತೇನೆ. ವಯಸ್ಸು ನಲವತ್ತರ ಹತ್ತಿರ. ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ತನಕ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆ ಎಂದು ಲೆಕ್ಕ. ವರದಿ ಕೈಗೆ ಕೊಡುವಾಗ "ನಂಗೂ ಸಕ್ರೆ ಬಂತೇನೇ ತಂಗೀ?" ಎಂದರು. ಅವರ ಅವ್ವ ಅದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡವರು. ನನಗೆ ಹೌದು ಅನ್ನಲು ಬಾಯಿ ಬರಲಿಲ್ಲ. ಯಾಕಂದರೆ ಖಾಲಿ ಹೊಟ್ಟೆಯ ಸಕ್ಕರೆ ಸರಿಯಾಗೇ ಇತ್ತು. ಹಿಮೋಗ್ಲೋಬಿನ್ ಮಾತ್ರ 8.9. ಹೆಂಗಸರಿಗೆ 12 ಇರಬೇಕು. ಫೆರಿಟಿನ್ ಬರೇ 6.

1968ರಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹಬರ್ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಎಚ್‌ಬಿಎ1ಸಿ ಎಂಬ ಈ ಬೇರೆ ಥರದ ಹಿಮೋಗ್ಲೋಬಿನ್ನನ್ನು ಗುರುತಿಸಿದರು. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ರಕ್ತದ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟುತ್ತಾ ಹೋಗುತ್ತದೆ. ಹಾಗಾಗಿ ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದೆ. ಆದರೆ ಕಬ್ಬಿಣದ ಕೊರತೆ ಇದ್ದವರಲ್ಲಿ ಸಕ್ಕರೆ ಜಾಸ್ತಿ ಇಲ್ಲದೆಯೂ ಈ ಸಂಖ್ಯೆ ಮೇಲೆ ಹೋಗಬಹುದು. ನಮ್ಮ ಡಾಕ್ಟರ ಹತ್ತಿರ ಎಲ್ಲಾ ಸಂಖ್ಯೆಗಳನ್ನು ಒಟ್ಟಿಗೆ ಇಟ್ಟೆ. ಅವರು ಮೊದಲು ಕಬ್ಬಿಣದ ಮಾತ್ರೆ ಶುರು ಮಾಡಿದರು. ಚಾ ಜೊತೆ ತಿನ್ನಬೇಡಿ ಅಂತ ನಾನು ಎರಡೆರಡು ಸಲ ಹೇಳಿ ಬಂದೆ. ನಾಲ್ಕು ತಿಂಗಳ ಮೇಲೆ ಮತ್ತೆ ರಕ್ತ ತೆಗೆದೆ. ಹಿಮೋಗ್ಲೋಬಿನ್ 11.8, ಎಚ್‌ಬಿಎ1ಸಿ 5.5. ಆ ಕಾಗದ ಹಿಡಿದು ದೋಣಿ ದಾಟಿ ಅವರ ಮನೆಗೆ ಹೋದ ದಿನ ನನಗೆ ಆದ ಸಂತೋಷ ದೊಡ್ಡದು.

ಎಲ್ಲರ ಕಬ್ಬಿಣದ ಕೊರತೆಯೂ ಹೀಗೆ ಫೆರಿಟಿನ್ನಿನ ಕಡಿಮೆ ಸಂಖ್ಯೆಯಿಂದಲೇ ತಿಳಿಯುವುದಿಲ್ಲ. ಇನ್ನೊಬ್ಬರ ಹಿಮೋಗ್ಲೋಬಿನ್ 9.2 ಇದ್ದರೂ ಫೆರಿಟಿನ್ 48 ಬಂದಿತ್ತು. 15ಕ್ಕಿಂತ ಕೆಳಗಿದ್ದರೆ ಮಾತ್ರ ಕಬ್ಬಿಣದ ಕೊರತೆ ಅಂತ ಓದಿದ್ದ ನನಗೆ ಅರ್ಥವಾಗಲಿಲ್ಲ. ಆಮೇಲೆ ಸಿಆರ್‌ಪಿ ನೋಡಿದರೆ 22. ಅದು 5 ದಾಟಿದರೆ ಮೈಯಲ್ಲಿ ಎಲ್ಲೋ ಉರಿಯೂತ ಇದೆ ಎಂದೇ ಹಿಡಿಯುತ್ತಿದ್ದೆವು. ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಅಂಥವರಿಗೆ 70ರ ಗೆರೆ ಇಟ್ಟಿದೆ. ಹಾಗೆ ನೋಡಿದರೆ ಆಕೆಗೂ ಕಬ್ಬಿಣ ಕಡಿಮೆಯೇ. ಮನೆಗೆ ಹೋಗಿ ಕೇಳಿದೆ. ಆಕೆ ಸೀರೆಯ ಅಂಚು ಸ್ವಲ್ಪ ಎತ್ತಿ ಪಾದ ತೋರಿಸಿದರು. ಬಳಚಿನ ಚಿಪ್ಪು ಕೊಯ್ದ ಗಾಯ, ಉಪ್ಪುನೀರಲ್ಲಿ ನಿಂತು ನಿಂತು ಒಣಗದೆ ಅಂಚು ಬೆಳ್ಳಗಾಗಿತ್ತು. ಅದಕ್ಕೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿಕೊಂಡು ದಿನಾ ಹೊಳೆಗೆ ಇಳಿಯುತ್ತಿದ್ದರು. ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಈಗ ನನ್ನ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಕೊನೆಯ ಊಟದ ವೇಳೆ ಇವುಗಳ ಜೊತೆ ಇನ್ನೊಂದು ಕಾಲಂ ಇದೆ. ಪೆನ್ನಿನಲ್ಲಿ ನಾನೇ ಗೆರೆ ಎಳೆದು ಸೇರಿಸಿದ್ದು: ಕಾಲಿಗೆ, ಕೈಗೆ ಗಾಯ ಇದೆಯಾ? ಸೂಜಿ ಹಿಡಿಯುವ ಮೊದಲು ಅದನ್ನು ಬರೀ ಕೇಳುವುದಲ್ಲ, ಬಗ್ಗಿ ನೋಡುತ್ತೇನೆ.